ಗೂಟಕ್ಕೆ ಎಸೆದ ರಿಂಗು

ಹೊಸದಾಗಿ ಬಂದ ಶಿಬಿರಾರ್ಥಿಗಳ ಮುಂದೆ ಒಂದು ಗೂಟ ನಿಲ್ಲಿಸಿ ಕೈಗೆ ನಾಲ್ಕಾರು ರಿಂಗು ಕೊಡುತ್ತಾರೆ. ಎಸೆದು ಗೂಟಕ್ಕೆ ಹಾಕಬೇಕು, ಅಷ್ಟೇ. ಜಾತ್ರೆಯಲ್ಲಿ ಸೋಪಿಗೂ ಬಾಚಣಿಗೆಗೂ ರಿಂಗು ಎಸೆದು ಜೇಬು ಖಾಲಿ ಮಾಡಿಕೊಂಡವರಿಗೆ ಇದೇನು ಹೊಸ ಆಟವಲ್ಲ. ಆದರೆ ಜಾತ್ರೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಗೆರೆ ಎಳೆಯುವವನು ಅಂಗಡಿಯವನು, ಇಲ್ಲಿ ಗೆರೆ ಆಡುವವರದೇ. ಕೆಲವರು ಗೂಟದ ಪಕ್ಕಕ್ಕೇ ಬಂದು ಬಗ್ಗಿ ರಿಂಗನ್ನು ಇಟ್ಟುಬಿಡುತ್ತಾರೆ. ಕೆಲವರು ಗೋಡೆಗೆ ಬೆನ್ನು ತಾಗಿಸಿ ನಿಂತು, ದೇವರ ಮೇಲೆ ಭಾರ ಹಾಕಿ ಬೀಸುತ್ತಾರೆ. ಇನ್ನು ಕೆಲವರು ಒಮ್ಮೆ ಎಸೆದು ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಎಸೆದು, ಕೈಗೆ ದಕ್ಕುವಂತಿದ್ದರೂ ಸಲೀಸಲ್ಲದ ಒಂದು ಜಾಗ ಹುಡುಕಿಕೊಳ್ಳುತ್ತಾರೆ. ತರಬೇತಿ ಕೊಡುವವರ ಕಣ್ಣಿರುವುದು ಈ ಮೂರನೆಯ ಗುಂಪಿನ ಮೇಲೆ.

ಉಜಿರೆಯ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲೂ ಅದರ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ತೆರೆದ ಆರ್‌ಸೆಟಿಗಳಲ್ಲೂ ಆಡಿಸುವ ಈ ಆಟ ಅಮೆರಿಕದ ಮನಃಶಾಸ್ತ್ರ ವಿಭಾಗವೊಂದರಿಂದ ಬಂದದ್ದು. ಹಾರ್ವರ್ಡ್‌ನಲ್ಲಿ ಹುಟ್ಟಿದ ವಿಚಾರ ಹೈದರಾಬಾದಿಗೆ ಇಳಿದು, ಗುಜರಾತು ಹೊಕ್ಕು, ಉಜಿರೆಯವರೆಗೆ ಬಂದ ದಾರಿಯನ್ನು ಹಿಡಿದು ಹೋದರೆ, ಉದ್ಯಮವನ್ನು ಪಾಠ ಹೇಳಿ ಕಲಿಸಲು ಹೊರಟ ವಿದ್ಯಾಲಯಗಳ ಕತೆಯೇ ಸಿಗುತ್ತದೆ. ಕತೆಯಲ್ಲಿ ಗೆದ್ದವರಿದ್ದಾರೆ, ಎಡವಿದವರಿದ್ದಾರೆ, ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಪ್ರಶ್ನೆಪತ್ರಿಕೆಗಳೂ ಇವೆ.

ವ್ಯಾಪಾರವನ್ನು ಕಾಲೇಜಿನಲ್ಲಿ ಕಲಿಯಬೇಕು ಎಂಬ ಮಾತೇ ನಮ್ಮ ಹಿರಿಯರಿಗೆ ವಿಚಿತ್ರವೆನಿಸುತ್ತಿತ್ತು. ಬಣಜಿಗರ, ಕೋಮಟಿಗರ, ಕೊಂಕಣಿಗಳ ಮನೆಯ ಹುಡುಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು ಮಗ್ಗಿ ಕಲಿತ. ಯಾರಿಗೆ ಕಡ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ಮುಖ ನೋಡಿಯೇ ಹೇಳುವ ವಿದ್ಯೆಗೆ ಸಿಲಬಸ್ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಹುಟ್ಟದವರ ಗತಿಯೇನು ಎಂಬ ಪ್ರಶ್ನೆ ಎದ್ದಾಗಲೇ ವಿದ್ಯಾಲಯದ ಬಾಗಿಲು ತಟ್ಟುವ ಅಗತ್ಯ ಬಿತ್ತು.

ಮೈಸೂರು ಸಂಸ್ಥಾನದಲ್ಲಿ ಈ ಬಾಗಿಲು ತಟ್ಟಿದ್ದು ಮಹಾಯುದ್ಧ. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಜಮ್‌ಷೆಡ್‌ಜಿ ಟಾಟಾ ಅವರ ಕನಸಿಗೆ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತ್ತು. ಅಲ್ಲಿನ ಪ್ರಯೋಗಶಾಲೆಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು. ಅಷ್ಟರಲ್ಲಿ 1914ರ ಯುದ್ಧ ಬಂತು. ಮೈಸೂರಿನ ಗಂಧದ ಕೊರಡುಗಳು ಹರಾಜಾಗಿ ಹಡಗು ಹತ್ತಿ ಯುರೋಪಿಗೆ, ಹೆಚ್ಚಾಗಿ ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುತ್ತಿದ್ದವರು ಅಲ್ಲಿಯವರು. ಜರ್ಮನಿ ಶತ್ರುವಾದೊಡನೆ ಕೊಳ್ಳುವವರಿಲ್ಲದೆ ಕೊರಡು ಗೋದಾಮಿನಲ್ಲೇ ಉಳಿಯಿತು. ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಪೆಟ್ಟು.

ಆಗ ಮೈಸೂರಿನ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರು ಆಲ್ಫ್ರೆಡ್ ಚಾಟರ್ಟನ್. ಅವರು ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಅವರ ಬಳಿ ಹೋದರು. ಕೆಲಸ ಹೇಳಲು ಸರಳ. ಗಂಧದ ಚೇಗನ್ನೂ ಬೇರನ್ನೂ ಚಕ್ಕೆ ಮಾಡಿ, ಪುಡಿ ಮಾಡಿ, ಭಟ್ಟಿಗೆ ತುಂಬಿ ಹಬೆ ಹಾಯಿಸಬೇಕು. ಹಬೆಯೊಡನೆ ಮೇಲೇರಿದ ಎಣ್ಣೆಯನ್ನು ತಣಿಸಿ ನೀರಿನಿಂದ ಬೇರ್ಪಡಿಸಬೇಕು. ಕನ್ನೌಜಿನ ಅತ್ತರಿನವರೂ ಹೆಚ್ಚುಕಡಿಮೆ ಹೀಗೆಯೇ ಮಾಡುತ್ತಿದ್ದರು. ಕಷ್ಟವಿದ್ದದ್ದು ಪ್ರತಿ ಸಲವೂ ಒಂದೇ ಗುಣಮಟ್ಟದ, ಲಂಡನ್ನಿನ ವರ್ತಕ ಪರೀಕ್ಷಿಸಿ ಒಪ್ಪುವಂಥ ಎಣ್ಣೆಯನ್ನು ಟನ್ನುಗಟ್ಟಲೆ ಮರದಿಂದ ತೆಗೆಯುವುದರಲ್ಲಿ. ಪ್ರಯೋಗಶಾಲೆಯಲ್ಲಿ ಹದ ಸಿಕ್ಕಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು.

ಎಣ್ಣೆ ಬಂದ ಮೇಲೆ ಸಾಬೂನಿನ ಯೋಚನೆ. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನಶಾಸ್ತ್ರದ ಯುವಕನನ್ನು ಸಂಸ್ಥಾನ ಇಂಗ್ಲೆಂಡಿಗೆ ಕಳುಹಿಸಿತು. ಸಾಬೂನಿನ ವಿದ್ಯೆ ಕಲಿತು ಮರಳಿದ ಅವರ ಕೈಯಲ್ಲಿ 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಹೊರಬಂತು. ಜನ ಅವರಿಗೆ ಇಟ್ಟ ಹೆಸರು ಸೋಪ್ ಶಾಸ್ತ್ರಿ. ಇಂದು ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಆ ಕಾರ್ಖಾನೆಯ ಹೆಸರಿನದೇ ಒಂದು ನಿಲ್ದಾಣವಿದೆ; ಟಾಟಾ ಇನ್‌ಸ್ಟಿಟ್ಯೂಟಿಗೂ ಅದಕ್ಕೂ ಬಹಳ ದೂರವೇನಿಲ್ಲ. ಈ ಇಡೀ ಪ್ರಸಂಗದಲ್ಲಿ ಉದ್ಯಮಶೀಲತೆ ಎಂಬ ಪದ ಎಲ್ಲೂ ಬರುವುದಿಲ್ಲ. ಆಗ ಆ ಪದವೇ ಕನ್ನಡದಲ್ಲಿ ಚಲಾವಣೆಯಲ್ಲಿರಲಿಲ್ಲ. ಸಂಸ್ಕೃತದಿಂದ ಬಂದ ಉದ್ಯಮ ಎಂಬ ಮಾತಿಗೆ ಮೂಲದಲ್ಲಿ ಪ್ರಯತ್ನ ಎಂದಷ್ಟೇ ಅರ್ಥ. ಅದು ಕಾರ್ಖಾನೆಯ ಅರ್ಥ ಪಡೆದದ್ದೇ ಆಮೇಲೆ.

ಚಾಟರ್ಟನ್ ಕೆಲಸ ಮಾಡುತ್ತಿದ್ದದ್ದು ದಿವಾನ್ ವಿಶ್ವೇಶ್ವರಯ್ಯನವರ ಕೈಕೆಳಗೆ. ಅವರ ಆಡಳಿತದ ಕಾಲದಲ್ಲೇ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಮರುವರ್ಷ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ ಹುಟ್ಟಿದವು. ಪದವಿ ಪಡೆದವರು ಗುಮಾಸ್ತಗಿರಿಗೆ ಸಾಲು ಹಚ್ಚುವುದನ್ನು ಕಂಡು ಅವರಿಗೆ ಸಂಕಟವಾಗುತ್ತಿತ್ತು. ಬಹಳ ವರ್ಷಗಳ ನಂತರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ದುಡಿದದ್ದಕ್ಕಾಗಿ ತಮಗೆ ಸಲ್ಲಬೇಕಾದ ಹಣವನ್ನು ಕೈಗೆ ಮುಟ್ಟಿಸಿಕೊಳ್ಳದೆ, ಅದರಿಂದ ಕೈಕಸುಬಿನ ಶಾಲೆಯೊಂದನ್ನು ತೆರೆಯಿರಿ ಎಂದರು. ಶಾಲೆಗೆ ತಮ್ಮ ಹೆಸರೂ ಬೇಡವೆಂದರು. ಹಾಗೆ 1943ರಲ್ಲಿ ಆರಂಭವಾದದ್ದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗ ಎಸ್‌.ಜೆ. ಪಾಲಿಟೆಕ್ನಿಕ್.

ಉದ್ಯಮ ಆರಂಭಿಸುವುದನ್ನೇ ಒಂದು ಪಠ್ಯವಿಷಯವಾಗಿ ಮಾಡಿದ ಕೀರ್ತಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಲ್ಸ್ ಮೇಸ್ ಅವರದು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ತರಗತಿಗೆ ಮರಳಿದ್ದ ಕಾಲ. 1947ರ ಫೆಬ್ರುವರಿಯಲ್ಲಿ ಹೊಸ ಉದ್ಯಮಗಳ ನಿರ್ವಹಣೆ ಎಂಬ ಕೋರ್ಸನ್ನು ಮೇಸ್ ಆರಂಭಿಸಿದಾಗ ಎಂಬಿಎ ಎರಡನೆಯ ವರ್ಷದ 188 ವಿದ್ಯಾರ್ಥಿಗಳು ಸೇರಿದರು. ಉದ್ಯಮಶೀಲತೆ ಕಲಿಸುವ ಪ್ರಾಧ್ಯಾಪಕರು ತಮ್ಮ ವಂಶವೃಕ್ಷ ಬರೆಯುವಾಗ ಬೇರಿಗೆ ಹಾಕಿಕೊಳ್ಳುವುದು ಈ ಕೋರ್ಸನ್ನೇ.

ಅದೇ ಕಟ್ಟಡದಲ್ಲಿ ಫ್ರಾನ್ಸಿನಿಂದ ಬಂದ ಜಾರ್ಜ್ ಡೋರಿಯೊ ಎಂಬ ಇನ್ನೊಬ್ಬ ಪ್ರಾಧ್ಯಾಪಕರಿದ್ದರು. ಅವರ ಕೋರ್ಸಿನ ಹೆಸರು ಬರೇ ಉತ್ಪಾದನೆ. ಹೆಸರು ನೋಡಿ ಲೇತ್ ಯಂತ್ರದ ಪಾಠವೆಂದು ಬಂದ ಹುಡುಗರಿಗೆ ಅವರು ಬದುಕಿನಲ್ಲಿ ಏನು ಕಟ್ಟುತ್ತೀರಿ ಎಂದು ಕೇಳಿ ಬೆವರಿಳಿಸುತ್ತಿದ್ದರು. 1946ರಲ್ಲಿ, ಹೊಸ ಕಂಪನಿಗಳಿಗೆ ಬಂಡವಾಳ ಹಾಕುವುದನ್ನೇ ಕಸುಬಾಗಿಸಿಕೊಂಡ ಒಂದು ಸಂಸ್ಥೆಯನ್ನು ಅವರು ಕಟ್ಟಿದ್ದರು. ಎಂಐಟಿಯ ಪ್ರಯೋಗಶಾಲೆಯಿಂದ ಹೊರಬಿದ್ದ ಇಬ್ಬರು ಎಂಜಿನಿಯರುಗಳು 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಆರಂಭಿಸಲು ಹಣ ಹುಡುಕುತ್ತಿದ್ದಾಗ ಆ ಸಂಸ್ಥೆ 70 ಸಾವಿರ ಡಾಲರ್ ಕೊಟ್ಟು ಶೇ 70ರಷ್ಟು ಪಾಲು ಪಡೆಯಿತು. ಆ ಕಂಪನಿ ಮುಂದೆ ಜಗತ್ತಿನ ದೊಡ್ಡ ಕಂಪ್ಯೂಟರ್ ಕಂಪನಿಗಳಲ್ಲಿ ಒಂದಾಯಿತು. ಹೊಸ ಉದ್ಯಮ ಎಂದು ಬೋರ್ಡು ಹಾಕಿದ ಕೋಣೆಗಿಂತ, ಉತ್ಪಾದನೆ ಎಂದು ಬೋರ್ಡಿದ್ದ ಕೋಣೆಯ ಮೇಷ್ಟರಿಂದ ಉದ್ಯಮಕ್ಕೆ ಹೆಚ್ಚು ಉಪಕಾರವಾಯಿತೇನೋ. ಈ ಮಾತು ಮುಂದೆಯೂ ನೆನಪಿಗೆ ಬರುತ್ತದೆ.

ಈಗ ಗೂಟದ ಬಳಿಗೆ ಬರೋಣ. ಹಾರ್ವರ್ಡಿನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1961ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕೆಲವು ದೇಶಗಳು ಮುಂದೆ ಹೋಗಿ ಕೆಲವು ಹಿಂದೆ ಉಳಿಯುವುದಕ್ಕೆ ಹವೆ, ಗಣಿ, ಬಂಡವಾಳ ಮಾತ್ರ ಕಾರಣವಲ್ಲ, ಅಲ್ಲಿನ ಜನರ ಒಳಗಿರುವ ಸಾಧಿಸುವ ಹಂಬಲವೂ ಕಾರಣ ಎಂಬುದು ಅವರ ವಾದ. ಹಂಬಲವನ್ನು ಅಳೆಯಲು ಅವರು ಚಿತ್ರ ತೋರಿಸಿ ಕತೆ ಬರೆಸುತ್ತಿದ್ದರು. ಮೇಜಿನ ಮುಂದೆ ಕೂತು ಕಿಟಕಿಯಾಚೆ ನೋಡುವ ಹುಡುಗನ ಚಿತ್ರ ಕೊಟ್ಟರೆ, ಒಬ್ಬರು ಅವನಿಗೆ ಆಟದ ಬಯಲು ನೆನಪಾಗಿದೆ ಎಂದು ಬರೆಯುತ್ತಾರೆ, ಮತ್ತೊಬ್ಬರು ಅವನು ಲೆಕ್ಕ ಬಿಡಿಸುವ ಹೊಸ ದಾರಿ ಯೋಚಿಸುತ್ತಿದ್ದಾನೆ ಎಂದು ಬರೆಯುತ್ತಾರೆ. ಎರಡನೆಯವರಿಗೆ ಅಂಕ ಹೆಚ್ಚು. ರಿಂಗು ಎಸೆಯುವ ಆಟದಲ್ಲಿ ಮಧ್ಯದ ದೂರ ಆರಿಸಿಕೊಳ್ಳುವವರೂ ಇವರೇ ಎಂದು ಅವರು ಕಂಡುಕೊಂಡಿದ್ದರು: ಲೆಕ್ಕ ಹಾಕಿ ಅಪಾಯ ಮೈಮೇಲೆ ಹಾಕಿಕೊಳ್ಳುವವರು.

ಹಂಬಲವನ್ನು ಅಳೆಯಬಹುದಾದರೆ ಬೆಳೆಸಬಹುದೇ? ಪರೀಕ್ಷೆಗೆ ಅವರು ಆರಿಸಿಕೊಂಡ ಊರುಗಳಲ್ಲಿ ಮುಖ್ಯವಾದದ್ದು ಆಂಧ್ರ ಕರಾವಳಿಯ ಕಾಕಿನಾಡ. ನಮ್ಮವರಿಗೆ ಆ ಊರು ಗೊತ್ತಿರುವುದು ಪಾಕ ತುಂಬಿದ ಕಾಜಾದಿಂದ. ಮನಃಶಾಸ್ತ್ರದ ಪುಸ್ತಕಗಳಿಗೆ ಗೊತ್ತಿರುವುದು ಕಾಕಿನಾಡ ಪ್ರಯೋಗದಿಂದ. 1964ರಲ್ಲಿ ಅಲ್ಲಿಂದ 52 ಮಂದಿಯನ್ನು ತಂಡ ತಂಡವಾಗಿ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ, ಜನ ಸಿಯೆಟ್ ಎನ್ನುತ್ತಿದ್ದ ಸಂಸ್ಥೆಗೆ, ಕರೆದೊಯ್ದು ಹತ್ತು ದಿನ ಇರಿಸಿಕೊಂಡರು. ಅವರಲ್ಲಿ ಹೆಚ್ಚಿನವರು ಸಣ್ಣಪುಟ್ಟ ವ್ಯಾಪಾರಸ್ಥರು. ಅಲ್ಲಿ ಬಂಡವಾಳ ಕೊಡಲಿಲ್ಲ, ಯಂತ್ರ ತೋರಿಸಲಿಲ್ಲ, ಲೆಕ್ಕಪತ್ರ ಕಲಿಸಲಿಲ್ಲ. ಕತೆ ಬರೆಸಿದರು, ತಮ್ಮ ಕತೆಗೆ ತಾವೇ ಅಂಕ ಹಾಕುವುದನ್ನು ಕಲಿಸಿದರು, ಆಟ ಆಡಿಸಿದರು, ಮುಂದೆ ಏನು ಮಾಡುತ್ತೀರೆಂದು ಕೇಳಿ ಗುರಿ ಬರೆಸಿಕೊಂಡರು.

ಹತ್ತು ದಿನದ ಆಟದಿಂದ ಯಾವ ಅಂಗಡಿ ಉದ್ಧಾರವಾದೀತು ಎಂದು ನಕ್ಕವರಿದ್ದರು. ಎರಡು ವರ್ಷದ ನಂತರ ಹೋಗಿ ನೋಡಿದರೆ, ತರಬೇತಿ ಪಡೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ವ್ಯಾಪಾರ ವಿಸ್ತರಿಸಿದ್ದರು ಇಲ್ಲವೇ ಹೊಸದೇನಾದರೂ ಆರಂಭಿಸಿದ್ದರು. ಪಡೆಯದವರಲ್ಲಿ ಅಂಥವರು ಮೂರನೆಯ ಒಂದು ಪಾಲಷ್ಟೇ. ಜಾತಿ ಯಾವುದು, ಪಂಚೆಯೋ ಪ್ಯಾಂಟೋ, ಸಂಪ್ರದಾಯಸ್ಥರೋ ಅಲ್ಲವೋ ಎಂಬುದರಿಂದ ಫಲಿತಾಂಶ ಬದಲಾಗಲಿಲ್ಲ. ಬದಲಾದದ್ದು ಇನ್ನೊಂದರಿಂದ. ಅಂಗಡಿಯ ಯಜಮಾನಿಕೆ ತಮ್ಮ ಕೈಯಲ್ಲಿದ್ದವರಿಗೆ ತರಬೇತಿ ಹೆಚ್ಚು ಹತ್ತಿತು. ನಿರ್ಧಾರವೆಲ್ಲ ದೊಡ್ಡಪ್ಪನ ಕೈಯಲ್ಲೋ ಮೇಲಧಿಕಾರಿಯ ಕೈಯಲ್ಲೋ ಇದ್ದವರು ಹಂಬಲ ಬೆಳೆಸಿಕೊಂಡು ಬಂದು ಮೊದಲಿನ ಜಾಗದಲ್ಲೇ ಕೂತರು. ಕಾಕಿನಾಡದ ಕತೆಯನ್ನು ಉದ್ಧರಿಸುವವರು ಸಾಮಾನ್ಯವಾಗಿ ಮೊದಲ ಸಂಗತಿಯನ್ನು ಹೇಳಿ ಎರಡನೆಯದನ್ನು ಬಿಡುತ್ತಾರೆ. ಕಾಲೇಜುಗಳ ಮಟ್ಟಿಗೆ ಎರಡನೆಯದೇ ಮುಖ್ಯ, ಯಾಕೆಂದರೆ ಇಪ್ಪತ್ತರ ವಿದ್ಯಾರ್ಥಿಯ ಕೈಯಲ್ಲಿ ಯಾವ ಅಂಗಡಿಯೂ ಇರುವುದಿಲ್ಲ.

ಗುಜರಾತಿನವರು ಇದನ್ನು ಬೇಗ ಅರ್ಥ ಮಾಡಿಕೊಂಡರು. 1970ರಲ್ಲಿ ಅಲ್ಲಿನ ಸರ್ಕಾರಿ ಕೈಗಾರಿಕಾ ನಿಗಮಗಳು ವಿ.ಜಿ. ಪಟೇಲ್ ಅವರ ಮುಂದಾಳತ್ವದಲ್ಲಿ ಮೂರು ತಿಂಗಳ ತರಬೇತಿ ಶುರು ಮಾಡಿದವು. ಮೆಕ್ಲೆಲೆಂಡ್ ಪಾಠವೂ ಇತ್ತು, ಅದರ ಬೆನ್ನಿಗೆ ಯೋಜನಾ ವರದಿ ಬರೆಸುವುದು, ಸಾಲ, ಶೆಡ್ಡು ಕೊಡಿಸುವುದೂ ಇತ್ತು. ತರಬೇತಿ ಮುಗಿಸಿದವರು ಬ್ಯಾಂಕಿನ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಬೇಕಾಗಿರಲಿಲ್ಲ. ದೊಡ್ಡ ಹಣಕಾಸು ಸಂಸ್ಥೆಗಳು ಸೇರಿ 1983ರಲ್ಲಿ ಅಹಮದಾಬಾದಿನಲ್ಲಿ ಭಾರತೀಯ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆಯನ್ನು ಕಟ್ಟಿದ್ದು ಈ ಅನುಭವದ ಮೇಲೆ.

ಅದಕ್ಕೆ ಒಂದು ವರ್ಷ ಮುಂಚೆ, 1982ರಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕನ್ನು ಜೊತೆಗೂಡಿಸಿಕೊಂಡು ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ಎರಡೂ ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡದ ಮಣ್ಣಿನಲ್ಲೇ ಹುಟ್ಟಿದವು. ಊಟ ವಸತಿಯೊಡನೆ ಉಚಿತ ತರಬೇತಿ, ಕೆಲವೇ ವಾರಗಳ ಅವಧಿ. ಹೊಲಿಗೆ, ಹೈನುಗಾರಿಕೆ, ರಿಪೇರಿ ಕೆಲಸ, ಬ್ಯೂಟಿ ಪಾರ್ಲರ್. ಪದವಿ ಇಲ್ಲ, ರ‍್ಯಾಂಕ್ ಇಲ್ಲ. ಆದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನು ಬಿಡುವುದಿಲ್ಲ: ಅಂಗಡಿ ತೆರೆದೆಯಾ, ಸಾಲ ಬಂತಾ, ಗಿರಾಕಿ ಬರುತ್ತಿದ್ದಾರಾ ಎಂದು ಕೇಳುತ್ತಲೇ ಇರುತ್ತಾರೆ. ಕೇಂದ್ರ ಸರ್ಕಾರ ಈ ಮಾದರಿಯನ್ನು ಒಪ್ಪಿ ಜಿಲ್ಲೆಗೊಂದು ಆರ್‌ಸೆಟಿ ಎಂದು ಹಬ್ಬಿಸಿತು. ಈಗ ಅವುಗಳ ಸಂಖ್ಯೆ 500 ದಾಟಿದೆ. ಹಾರ್ವರ್ಡಿನ ಗೂಟ ಹಳ್ಳಿಯ ಹುಡುಗಿಯರ ಮುಂದೆ ನಿಂತದ್ದು ಹೀಗೆ.

ಇದೇ ಕಾಲಕ್ಕೆ ಎಂಜಿನಿಯರಿಂಗ್ ಕಾಲೇಜುಗಳ ಕಡೆಗೂ ದೆಹಲಿಯ ಗಮನ ಹರಿದಿತ್ತು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕಾಲೇಜುಗಳ ಆವರಣದಲ್ಲೇ ಉದ್ಯಮಿಗಳ ಪಾರ್ಕು ತೆರೆಯುವ ಸ್ಟೆಪ್ ಯೋಜನೆ ತಂದಿತು. ಕರ್ನಾಟಕದಲ್ಲಿ ಸುರತ್ಕಲ್ಲಿನ ಕಾಲೇಜಿಗೂ ಮೈಸೂರಿನ ಎಸ್‌ಜೆಸಿಇ ಕಾಲೇಜಿಗೂ ಸ್ಟೆಪ್ ಬಂತು. ಸ್ಟಾರ್ಟಪ್ ಎಂಬ ಪದ ಯಾರ ಬಾಯಲ್ಲೂ ಇಲ್ಲದಿದ್ದ ದಿನಗಳವು.

ಪಾಠ ಪ್ರಶ್ನೆಪತ್ರಿಕೆಗೆ ಇಳಿದಾಗ ಆದದ್ದೇ ಬೇರೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಅದರ ತೆಕ್ಕೆಗೆ ಬಂದವು. 2006ರ ಸ್ಕೀಮಿನಲ್ಲಿ ಹಲವು ಬ್ರಾಂಚುಗಳಿಗೆ ಐದನೆಯ ಸೆಮಿಸ್ಟರಿನಲ್ಲಿ ಮ್ಯಾನೇಜ್‌ಮೆಂಟ್ ಅಂಡ್ ಆಂತ್ರಪ್ರೆನರ್‌ಶಿಪ್ ಎಂಬ ಪೇಪರ್ ಕಡ್ಡಾಯವಾಯಿತು. ಆ ಕಾಲದ ವಿದ್ಯಾರ್ಥಿಗಳು ಈ ಹೆಸರು ಕೇಳಿದರೆ ಇಂದಿಗೂ ನಗುತ್ತಾರೆ. ಪಾರ್ಟ್ ಎ ಮ್ಯಾನೇಜ್‌ಮೆಂಟ್, ಪಾರ್ಟ್ ಬಿ ಉದ್ಯಮಶೀಲತೆ. ಉದ್ಯಮಿಯ ವ್ಯಾಖ್ಯೆ, ಉದ್ಯಮಿಯ ಗುಣಗಳು, ಉದ್ಯಮಿಗಳ ಬಗೆಗಳು. ಆಮೇಲೆ ಒಂದು ಘಟಕದ ತುಂಬ ಸರ್ಕಾರಿ ಸಂಸ್ಥೆಗಳ ಹ್ರಸ್ವನಾಮಗಳು: ಟೆಕ್ಸಾಕ್, ಕೆಎಸ್‌ಎಸ್‌ಐಡಿಸಿ, ಕೆಐಎಡಿಬಿ, ಕೆಎಸ್‌ಎಫ್‌ಸಿ, ಸಿಡ್ಬಿ, ಡಿಐಸಿ. ಯಾವುದು ಶೆಡ್ಡು ಕೊಡುತ್ತದೆ, ಯಾವುದು ಸಾಲ ಕೊಡುತ್ತದೆ ಎಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಮೂರು ಗಂಟೆ ಪುಟ ತುಂಬಿಸಿ, ಪರೀಕ್ಷಾ ಕೊಠಡಿಯಿಂದ ಹೊರಬರುವಷ್ಟರಲ್ಲಿ ಮರೆಯುವುದು ವಾಡಿಕೆ. ಸರ್ಕ್ಯೂಟು, ಸಿಗ್ನಲ್ಲುಗಳ ನಡುವೆ ಸುಲಭವಾಗಿ ಅಂಕ ಎತ್ತುವ ಪೇಪರ್ ಎಂದೇ ಅದಕ್ಕೆ ಹೆಸರು. ಕೆಎಸ್‌ಎಫ್‌ಸಿಯ ಮೆಟ್ಟಿಲು ಹತ್ತಿ ಬನ್ನಿ ಎಂದು ಆ ಪತ್ರಿಕೆ ಯಾರನ್ನೂ ಕಳುಹಿಸಲಿಲ್ಲ.

ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯದಲ್ಲೇ ಹೀಗಾದದ್ದು ವಿಧಿಯ ಚೇಷ್ಟೆ. ಆದರೆ ದೋಷವನ್ನೆಲ್ಲ ಸಿಲಬಸ್ ಬರೆದವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ರಾಜ್ಯದ ಉದ್ದಗಲಕ್ಕೆ ಹರಡಿದ ಕಾಲೇಜುಗಳಲ್ಲಿ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯಲ್ಲಿ ಪರೀಕ್ಷೆ ಮಾಡಬೇಕೆಂದರೆ ವ್ಯಾಖ್ಯೆಯನ್ನಲ್ಲದೆ ಇನ್ನೇನನ್ನು ಕೇಳಲು ಸಾಧ್ಯ? ರಿಂಗು ಎಸೆದ ದೂರಕ್ಕೆ ಅಂಕ ಕೊಡುವ ಮೌಲ್ಯಮಾಪಕರು ಎಲ್ಲಿ ಸಿಗಬೇಕು?

ದಾರಿ ಬೇರೆ ಇದೆ ಎಂದು ತೋರಿಸಿದವರಲ್ಲಿ ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಒಬ್ಬರು. ಅಮೆರಿಕದಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಅವರು ಪತ್ನಿ ಜಯಶ್ರೀ ಅವರೊಡನೆ 2002ರಲ್ಲಿ ಎಂಐಟಿಗೆ ದೊಡ್ಡ ದೇಣಿಗೆ ಕೊಟ್ಟು ತಾಂತ್ರಿಕ ನಾವೀನ್ಯತೆಯ ಕೇಂದ್ರವೊಂದನ್ನು ತೆರೆಯಲು ನೆರವಾದರು. ಆ ಕೇಂದ್ರದ ಹಣ ಹೋಗುವುದು ಪ್ರಯೋಗಶಾಲೆಯಲ್ಲಿ ವಿಚಾರ ಸಿಕ್ಕಿದ್ದರೂ ಕಂಪನಿಯ ಹಂತಕ್ಕೆ ಬಂದಿರದ ಪ್ರಾಧ್ಯಾಪಕರಿಗೆ. ಹಣದ ಜೊತೆಗೆ ಮಾರುಕಟ್ಟೆ ಬಲ್ಲ ಹಿರಿಯರೊಬ್ಬರು ಸಂಗಡಕ್ಕೆ ಸಿಗುತ್ತಾರೆ. ಮುಂದೆ ದೇಶಪಾಂಡೆ ದಂಪತಿಯ ಪ್ರತಿಷ್ಠಾನ ಹುಬ್ಬಳ್ಳಿಯಲ್ಲೂ ಬೇರು ಬಿಟ್ಟಿತು.

ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ತನ್ನ ಹಳೆಯ ಗಂಧದೆಣ್ಣೆಯ ಪಾಠವನ್ನು ಪೂರ್ತಿ ಮರೆತಿರಲಿಲ್ಲ. ಪ್ರಯೋಗಶಾಲೆಗೂ ಕೈಗಾರಿಕೆಗೂ ನಂಟು ಬೆಸೆಯಲೆಂದೇ 1991ರಲ್ಲಿ ಅಲ್ಲೊಂದು ಸೊಸೈಟಿ ಸ್ಥಾಪನೆಯಾಗಿತ್ತು. 1998ರ ಹೊತ್ತಿಗೆ ಅಲ್ಲಿನ ನಾಲ್ವರು ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್ ಮತ್ತು ರಮೇಶ್ ಹರಿಹರನ್ ಎನ್‌ಕೋರ್ ಎಂಬ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ, ಓದು ಬಾರದ ರೈತನೂ ಬಳಸಬಹುದಾದ ಅಂಗೈ ಕಂಪ್ಯೂಟರೊಂದನ್ನು ಕಲ್ಪಿಸಿಕೊಂಡರು. ಅದೇ ಸಿಂಪ್ಯೂಟರ್. ಮುಟ್ಟಿದರೆ ಸ್ಪಂದಿಸುವ ಪರದೆ, ಕನ್ನಡದಂಥ ಭಾಷೆಗಳಲ್ಲಿ ಓದಿ ಹೇಳುವ ಧ್ವನಿ, ಇಡೀ ಊರಿಗೆ ಒಂದನ್ನೇ ಹಂಚಿಕೊಂಡು ಬಳಸಲು ಸ್ಮಾರ್ಟ್ ಕಾರ್ಡಿನ ಕಿಂಡಿ. ಸ್ಮಾರ್ಟ್‌ಫೋನು ನಮ್ಮ ಜೇಬಿಗೆ ಬರುವ ಎಷ್ಟೋ ವರ್ಷ ಮೊದಲಿನ ಮಾತಿದು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು, ತಯಾರಿಸಿದ್ದು ಬಿಇಎಲ್. 50 ಸಾವಿರ ಮಾರುವ ನಿರೀಕ್ಷೆ ಇತ್ತು, ಹೋದದ್ದು 4 ಸಾವಿರದ ಆಸುಪಾಸು. ಸರ್ಕಾರಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳಲಿಲ್ಲ, ಅಷ್ಟರಲ್ಲಿ ಮೊಬೈಲ್ ಫೋನಿನ ಬೆಲೆ ಇಳಿಯತೊಡಗಿತ್ತು. ಗಂಧದೆಣ್ಣೆಗೆ ಮೈಸೂರು ಸಂಸ್ಥಾನ ಬೆನ್ನಿಗೆ ನಿಂತಂತೆ ಸಿಂಪ್ಯೂಟರಿನ ಬೆನ್ನಿಗೆ ಯಾರೂ ನಿಲ್ಲಲಿಲ್ಲ.

ಆದರೆ ಆ ನಾಲ್ವರು ಒಂದೇ ರಿಂಗು ಹಿಡಿದು ಕೂತವರಲ್ಲ. 2000ದಲ್ಲೇ ಅವರು ಸ್ಟ್ರ್ಯಾಂಡ್ ಜಿನೋಮಿಕ್ಸ್ ಎಂಬ ಇನ್ನೊಂದು ಕಂಪನಿ ಆರಂಭಿಸಿದ್ದರು. ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರಿಂದಲೇ ಹುಟ್ಟಿದ ಮೊದಮೊದಲ ಕಂಪನಿಗಳಲ್ಲಿ ಅದೂ ಒಂದು. ಜೀವಕೋಶದ ವಂಶವಾಹಿಗಳ ಅಪಾರ ಮಾಹಿತಿಯನ್ನು ಕಂಪ್ಯೂಟರಿನಿಂದ ಓದಿಸುವುದು ಅದರ ಕೆಲಸ. ಹೆಸರು ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಎಂದಾಯಿತು, ಕಾಯಿಲೆ ಪತ್ತೆಯ ಕ್ಷೇತ್ರಕ್ಕೂ ಕಾಲಿಟ್ಟಿತು. 2021ರಲ್ಲಿ ರಿಲಯನ್ಸ್ ಅದರ ಶೇ 80ಕ್ಕೂ ಹೆಚ್ಚು ಪಾಲನ್ನು 393 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಅದನ್ನು ಕಟ್ಟಿದಾಗ ಆ ನಾಲ್ವರೂ ಪಾಠ ಹೇಳುತ್ತಿದ್ದದ್ದು ಕಂಪ್ಯೂಟರ್ ವಿಜ್ಞಾನವನ್ನು.